ಶೇವಿಂಗ್ ಸಾಮಾನು: ದುಡ್ಡು ಎಲ್ಲಿ ಹಾಕಬೇಕು, ಎಲ್ಲಿ ಕೈ ಬಿಗಿಹಿಡಿಯಬೇಕು

ಬ್ಲೇಡುಗಳನ್ನು ಕೂರಿಸಿದ ತಲೆಯನ್ನೇ ಇಡಿಯಾಗಿ ಬದಲಿಸುವ ಕಾರ್ಟ್ರಿಜ್ ರೇಜರ್ ಬಿಟ್ಟು ಬ್ರಷ್, ಸೋಪು, ಎರಡು ಅಲಗಿನ ಬ್ಲೇಡಿನ ಹಳೆಯ ಪದ್ಧತಿಗೆ ಮರಳುವವರಲ್ಲಿ ಹೆಚ್ಚಿನವರು ಕೊಡುವ ಮೊದಲ ಕಾರಣ ಉಳಿತಾಯ. ಕಾರಣ ನ್ಯಾಯವಾದದ್ದೇ. ಆದರೆ ವರ್ಷ ತುಂಬುವುದರೊಳಗೆ ಅದೇ ಜನರ ಬಚ್ಚಲುಮನೆಯ ಕಪಾಟಿನಲ್ಲಿ ಮೂರು ರೇಜರ್, ನಾಲ್ಕು ಬ್ರಷ್, ಎಂಟು ಹತ್ತು ಡಬ್ಬಿ ಸೋಪು ಸೇರಿಕೊಂಡಿರುತ್ತವೆ. ಉಳಿಸಲು ಹೊರಟ ದುಡ್ಡಿಗಿಂತ ಹೆಚ್ಚು ಖರ್ಚಾಗಿರುತ್ತದೆ. ಹೊಸದಾಗಿ ಶುರುಮಾಡುವವರಿಗೆ, ಶುರುಮಾಡಿ ಈಗ ಕೊಳ್ಳುವ ಚಟಕ್ಕೆ ಕಡಿವಾಣ ಹಾಕಬೇಕೆಂದಿರುವವರಿಗೆ, ಯಾವುದನ್ನು ಯಾವುದರ ಜೊತೆ ತೂಗಿ ನೋಡಬೇಕು ಎಂದು ಇಲ್ಲಿ ಹೇಳುತ್ತೇನೆ. ಬೆಲೆಗಳೆಲ್ಲ ಸುಮಾರಿನವು, ಅಂಗಡಿಯಿಂದ ಅಂಗಡಿಗೆ ವ್ಯತ್ಯಾಸವಾಗುತ್ತವೆ.

ಮೊದಲು ಲೆಕ್ಕ ನೋಡೋಣ. ಒಂದು ಕಾರ್ಟ್ರಿಜ್‌ಗೆ 200 ರೂಪಾಯಿ, ಅದು ಎರಡು ವಾರ ಬರುತ್ತದೆ ಎಂದಿಟ್ಟುಕೊಳ್ಳಿ. ದಿನವೂ ಶೇವ್ ಮಾಡುವವರಿಗೆ ವರ್ಷಕ್ಕೆ 26 ಬೇಕು, ಅಂದರೆ 5,200 ರೂಪಾಯಿ. 3 ರೂಪಾಯಿಯ ಸಾದಾ ಬ್ಲೇಡ್ ಐದು ಶೇವಿಗೆ ಬಂದರೆ ವರ್ಷಕ್ಕೆ 73 ಬ್ಲೇಡ್, 219 ರೂಪಾಯಿ. ಹತ್ತಿರ ಹತ್ತಿರ 5,000 ರೂಪಾಯಿ ಕೈಯಲ್ಲಿ ಉಳಿಯುತ್ತದೆ. 1,200 ರೂಪಾಯಿಯ ರೇಜರ್ ಕೊಂಡರೆ ಮೂರು ತಿಂಗಳಲ್ಲಿ ಅದರ ಬೆಲೆ ಹುಟ್ಟುತ್ತದೆ. 18,000 ರೂಪಾಯಿಯ ರೇಜರ್ ಕೊಂಡರೆ ಮೂರೂವರೆ ವರ್ಷಕ್ಕಿಂತ ಹೆಚ್ಚು ಕಾಯಬೇಕು, ಅದೂ ನಡುವೆ ಇನ್ನೇನನ್ನೂ ಕೊಳ್ಳದೆ ಇದ್ದರೆ.

ನನ್ನ ನಿಲುವು ಇಷ್ಟು: ಗಡ್ಡ ತೆಗೆಯುವುದು ಬ್ಲೇಡ್, ಅದಕ್ಕೆ ದಾರಿ ಮಾಡಿಕೊಡುವುದು ನೀರು, ಎರಡನ್ನೂ ನಡೆಸುವುದು ಕೈ. ಮೂರೂ ಅಗ್ಗ ಅಥವಾ ಪುಕ್ಕಟೆ. ಉಳಿದ ಸಾಮಾನು ಒಂದು ಮಟ್ಟದವರೆಗೆ ನೆರವಾಗುತ್ತದೆ. ಆ ಮಟ್ಟ ದಾಟಿದ ಮೇಲೆ ನೀವು ಕೊಡುವ ಪ್ರತಿ ಸಾವಿರವೂ ನೋಟಕ್ಕೆ, ಪರಿಮಳಕ್ಕೆ, ಹಿಡಿದಾಗಿನ ಖುಷಿಗೆ ಹೋಗುತ್ತದೆಯೇ ಹೊರತು ಕೆನ್ನೆಗೆ ತಲುಪುವುದಿಲ್ಲ.

ಇದು ಹೀಗೇಕೆ ಎಂಬುದು ಈ ರೇಜರಿನ ಚರಿತ್ರೆಯಲ್ಲೇ ಇದೆ. ಅಮೆರಿಕದ ಕಿಂಗ್ ಕ್ಯಾಂಪ್ ಜಿಲೆಟ್ ತನ್ನ ಸೇಫ್ಟಿ ರೇಜರನ್ನು ಮಾರಾಟಕ್ಕಿಟ್ಟ ಮೊದಲ ವರ್ಷ, 1903ರಲ್ಲಿ, ಖರ್ಚಾದದ್ದು 51 ರೇಜರ್ ಮತ್ತು 168 ಬ್ಲೇಡ್. 1904ರಲ್ಲಿ ಪೇಟೆಂಟ್ ಸಿಕ್ಕಿತು, 1921ರಲ್ಲಿ ಅದರ ಅವಧಿ ಮುಗಿಯಿತು. ಆಮೇಲೆ ಯಾರು ಬೇಕಾದರೂ ಆ ಬಗೆಯ ರೇಜರ್, ಬ್ಲೇಡ್ ಮಾಡಬಹುದಾಯಿತು. ಇವತ್ತು ಜಪಾನಿನ ಬ್ಲೇಡ್ ಜರ್ಮನಿಯ ರೇಜರಿಗೆ ಕೂರುತ್ತದೆ, ಕಿರಾಣಿ ಅಂಗಡಿಯ ಟೋಪಾಜ್ ಬ್ಲೇಡ್ ಲಕ್ಷಣವಾಗಿ ಇಪ್ಪತ್ತು ಸಾವಿರದ ರೇಜರಿಗೂ ಕೂರುತ್ತದೆ. 1971ರಲ್ಲಿ ಎರಡು ಬ್ಲೇಡನ್ನು ಒಟ್ಟಿಗೆ ಕೂರಿಸಿದ ಕಾರ್ಟ್ರಿಜ್ ಬಂದ ಮೇಲೆ ಆ ಸ್ವಾತಂತ್ರ್ಯ ಹೋಯಿತು. ಹಿಡಿ ಯಾರದೋ ಕಾರ್ಟ್ರಿಜ್ಜೂ ಅವರದೇ ಆಗಬೇಕಾಯಿತು. ಹಳೆಯ ಪದ್ಧತಿಗೆ ಮರಳುವುದರ ದೊಡ್ಡ ಲಾಭ ಈ ಬಿಡುಗಡೆ. ಅದನ್ನು ಪಡೆಯಲು ದುಬಾರಿ ರೇಜರ್ ಬೇಕಿಲ್ಲ.

ರೇಜರ್: ನಾಲ್ಕು ಮಟ್ಟ, ಜೊತೆಗೆ ಅಟ್ಟದ ಮೇಲಿನದೊಂದು

ಅಂಗಡಿಗೆ ಹೋಗುವ ಮೊದಲು ಮನೆಯ ಅಟ್ಟ, ಅಜ್ಜನ ಟ್ರಂಕು, ಹಳೆಯ ಬೀರು ಹುಡುಕಿ. ಹಿತ್ತಾಳೆಯ ಹಳೆಯ ಜಿಲೆಟ್ ರೇಜರುಗಳು ನಮ್ಮ ಎಷ್ಟೋ ಮನೆಗಳಲ್ಲಿ ಬಿದ್ದಿವೆ. ಪಾತ್ರೆ ತೊಳೆಯುವ ಸೋಪು, ಬಿಸಿನೀರು, ಹಳೆಯ ಹಲ್ಲುಜ್ಜುವ ಬ್ರಷ್ ಸಾಕು. ಸೋಪಿನ ಕಿಲುಬು ಬಿಟ್ಟು ಲೋಹ ಕಾಣುತ್ತದೆ. ಕೊನೆಯಲ್ಲಿ ಸೋಂಕುನಿವಾರಕ ದ್ರವದಲ್ಲಿ ಅದ್ದಿ ತೊಳೆಯಿರಿ. ಹೊಸ ಬ್ಲೇಡ್ ಹಾಕಿ ಬಿಗಿಮಾಡಿ, ಬೆಳಕಿಗೆ ಹಿಡಿದು ಮೇಲಿನಿಂದ ನೋಡಿ. ಅಲಗು ಎರಡೂ ಬದಿಯಲ್ಲಿ ಒಂದೇ ಸಮನಾಗಿ ಹೊರಗೆ ಕಂಡರೆ ರೇಜರ್ ಸರಿಯಿದೆ. ಒಂದು ಬದಿ ಹೆಚ್ಚು, ಇನ್ನೊಂದು ಕಡಿಮೆ ಕಂಡರೆ ಎಂದೋ ಬಿದ್ದು ಸೊಟ್ಟಗಾಗಿದೆ ಎಂದರ್ಥ. ಅದನ್ನು ನೆನಪಿಗೆಂದು ಇಟ್ಟುಕೊಳ್ಳಿ, ಮುಖಕ್ಕೆ ಬೇಡ. ಹಳೆಯ ರೇಜರ್ ಸರಿ, ಹಳೆಯ ಬ್ರಷ್ ಮಾತ್ರ ಬೇಡ. ಮೊದಲ ಮಹಾಯುದ್ಧದ ಕಾಲದಲ್ಲಿ ಸರಿಯಾಗಿ ಶುದ್ಧಿಮಾಡದ ಕುದುರೆಕೂದಲಿನ ಬ್ರಷ್‌ಗಳಿಂದ ಆಂಥ್ರಾಕ್ಸ್ ತಗುಲಿದ ದಾಖಲೆಗಳಿವೆ.

ಹೊಸದೇ ಬೇಕೆಂದರೆ 150ರಿಂದ 400 ರೂಪಾಯಿಯವರೆಗಿನದು ಮೊದಲ ಮಟ್ಟ. ಪ್ಲಾಸ್ಟಿಕ್ ಹಿಡಿಯವು, ತೆಳು ಲೋಹದವು, ಬುಡ ತಿರುಗಿಸಿದರೆ ಮೇಲೆ ಎರಡು ಬಾಗಿಲು ತೆರೆದುಕೊಳ್ಳುವವು. ಇವುಗಳಲ್ಲಿ ಒಂದೊಂದು ಚೆನ್ನಾಗಿಯೇ ಇರುತ್ತದೆ, ಆದರೆ ಒಂದೇ ಹೆಸರಿನ ಎರಡು ರೇಜರ್ ಒಂದೇ ತರಹ ಇರುತ್ತವೆ ಎಂಬ ಭರವಸೆ ಇಲ್ಲ. ಮೇಲೆ ಹೇಳಿದ ಬೆಳಕಿನ ಪರೀಕ್ಷೆಯಲ್ಲಿ ಗೆದ್ದರೆ ಇಟ್ಟುಕೊಳ್ಳಿ. ಈ ಪದ್ಧತಿ ತನಗೆ ಒಗ್ಗುತ್ತದೋ ಇಲ್ಲವೋ ಎಂಬ ಅನುಮಾನದಲ್ಲಿರುವ ಕಾಲೇಜು ಹುಡುಗನಿಗೆ ಇದಕ್ಕಿಂತ ಹೆಚ್ಚಿನದನ್ನು ನಾನು ಹೇಳುವುದಿಲ್ಲ.

ಎರಡನೆಯದು 700ರಿಂದ 1,500ರ ಮಟ್ಟ. ತಲೆ, ತಳ, ಹಿಡಿ ಮೂರೂ ಬೇರೆಯಾಗುವ ರೇಜರುಗಳು. ಪರ್ಲ್‌ನಂಥ ಭಾರತೀಯ ತಯಾರಕರದು ಇಲ್ಲಿ ಸಿಗುತ್ತವೆ. ಬಿಡಿಸಿ ತೊಳೆಯುವುದು ಸುಲಭ, ಕೆಡುವ ಯಂತ್ರಭಾಗ ಯಾವುದೂ ಇಲ್ಲ, ಹಿಡಿಗೆ ತಕ್ಕ ತೂಕವಿದೆ. ತೂಕ ಮುಖ್ಯ, ಏಕೆಂದರೆ ರೇಜರ್ ತನ್ನ ಭಾರದಿಂದಲೇ ಇಳಿದರೆ ಕೈ ಒತ್ತುವುದಿಲ್ಲ. ನೂರರಲ್ಲಿ ತೊಂಬತ್ತು ಜನ ಇಲ್ಲಿಗೆ ನಿಲ್ಲಬಹುದು, ನಿಲ್ಲಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ಮೂರನೆಯದು 4,000ದಿಂದ 6,000ದ ಆಸುಪಾಸು. ಜರ್ಮನಿಯ ಝೋಲಿಂಗನ್ನಿನ ಮರ್ಕೂರ್ 34ಸಿ, ಸ್ಯಾಕ್ಸನಿಯ ಮ್ಯೂಲೆ ಆರ್89, ಇಂಗ್ಲೆಂಡಿನ ಶೆಫೀಲ್ಡ್‌ನ ಎಡ್ವಿನ್ ಜಾಗರ್ ಡಿಇ89 ಈ ಸಾಲಿನವು. ಒಳ್ಳೆಯ ರೇಜರುಗಳು, ಸಂಶಯವಿಲ್ಲ. ಆದರೆ ಎರಡು ವಿಷಯ ತಿಳಿದಿರಲಿ. ಮೊದಲನೆಯದು, ಇವುಗಳ ತಲೆ ಸತುವಿನ ಮಿಶ್ರಲೋಹದ ಎರಕ, ಮೇಲೆ ಕ್ರೋಮ್ ಲೇಪನ. ಲೇಪನ ಒಮ್ಮೆ ಸೀಳಿತೆಂದರೆ, ಅದರಲ್ಲೂ ಸ್ಕ್ರೂ ಸುತ್ತಿನ ಬಳಿ, ಒಳಗಿನ ಲೋಹ ಚುಕ್ಕೆ ಚುಕ್ಕೆಯಾಗಿ ತಿಂದುಹೋಗುತ್ತದೆ. ಒದ್ದೆಯಲ್ಲೇ ಬಿಟ್ಟರೆ ಬೇಗ. ಅಂದರೆ ಬೆಲೆ ಹೆಚ್ಚಾಯಿತೆಂದು ಆಯುಸ್ಸು ಅಷ್ಟೇ ಪಟ್ಟು ಹೆಚ್ಚುವುದಿಲ್ಲ. ಎರಡನೆಯದು, ಆರ್89 ಮತ್ತು ಡಿಇ89ರ ತಲೆಯ ವಿನ್ಯಾಸ ಬಹುತೇಕ ಒಂದೇ. ವ್ಯತ್ಯಾಸವಿರುವುದು ಹಿಡಿಯಲ್ಲಿ. ಎರಡನ್ನೂ ಕೊಂಡು ಹೋಲಿಸುವವರು ಒಂದೇ ಶೇವಿಗೆ ಎರಡು ಸಲ ದುಡ್ಡು ಕೊಡುತ್ತಿದ್ದಾರೆ.

ನಾಲ್ಕನೆಯದು 15,000ದಿಂದ ಮೇಲೆ: ಸ್ಟೇನ್‌ಲೆಸ್ ಸ್ಟೀಲ್, ಟೈಟಾನಿಯಂ, ಯಂತ್ರದಲ್ಲಿ ಕೊರೆದು ಮಾಡಿದವು. ಸುಲಿಯಲು ಲೇಪನವೇ ಇಲ್ಲದಿರುವುದರಿಂದ ಮಗನಿಗೂ ಬರುತ್ತವೆ. ಬ್ಲೇಡನ್ನು ಹಿಡಿದುಕೊಳ್ಳುವ ಬಿಗಿ ಬೇರೆಯೇ. ಜೀವಮಾನಕ್ಕೆ ಒಂದೇ ರೇಜರ್ ಎಂದು ನಿಶ್ಚಯಿಸಿ, ಇದನ್ನು ಕೊಂಡು, ಉಳಿದದ್ದನ್ನೆಲ್ಲ ಕೊಟ್ಟುಬಿಡುವವರಿಗೆ ಈ ಖರ್ಚು ಒಪ್ಪುತ್ತದೆ. ನನಗೆ ಕಾಣುವಂತೆ ಇದನ್ನು ಕೊಳ್ಳುವವರಲ್ಲಿ ಬಹುಪಾಲು ಜನರ ಬಳಿ ಆಗಲೇ ಐದು ರೇಜರ್ ಇರುತ್ತವೆ.

ಎರಡನೇ ರೇಜರಿಗೆ ಒಪ್ಪಬಹುದಾದ ಕಾರಣ ಒಂದೇ: ಬ್ಲೇಡ್ ಮತ್ತು ತಳದ ನಡುವಿನ ಸಂದು. ಸಂದು ಕಿರಿದಾದರೆ ರೇಜರ್ ಸೌಮ್ಯ, ಅಗಲವಾದರೆ ಉಗ್ರ. ದಿನವೂ ಶೇವ್ ಮಾಡುವ ನುಣುಪು ಚರ್ಮಕ್ಕೆ ಸೌಮ್ಯವಾದದ್ದು ಸಾಕು. ನಾಲ್ಕು ದಿನಕ್ಕೊಮ್ಮೆ ಒರಟು ಗಡ್ಡ ತೆಗೆಯುವವರಿಗೆ ಅದು ಕೂದಲಿನಲ್ಲಿ ಸಿಕ್ಕಿಕೊಳ್ಳುತ್ತದೆ. ಅಂಥವರೂ ರೇಜರ್ ಬದಲಿಸುವ ಮೊದಲು ಇನ್ನೂ ಹರಿತವಾದ ಬ್ಲೇಡ್ ಹಾಕಿ ನೋಡಲಿ. ನೂರು ರೂಪಾಯಿಯೊಳಗೆ ಉತ್ತರ ಸಿಗುತ್ತದೆ.

ಕ್ಷೌರದ ಕತ್ತಿಯ ಸೆಳೆತ

ಸ್ವಲ್ಪ ದಿನದಲ್ಲೇ ಕಣ್ಣು ಬಯಲು ಕತ್ತಿಯ, ಅಂದರೆ ಹಿಡಿಯೊಳಗೆ ಮಡಚುವ ಹಳೆಯ ಕ್ಷೌರದ ಕತ್ತಿಯ ಕಡೆ ಹೊರಳುತ್ತದೆ. ಒಳ್ಳೆಯ ಝೋಲಿಂಗನ್ ಕತ್ತಿಗೆ ಹತ್ತು ಸಾವಿರ ದಾಟುತ್ತದೆ. ತೀಡಲು ಚರ್ಮದ ಪಟ್ಟಿ ಬೇಕು, ಸಾಣೆಕಲ್ಲು ಬೇಕು, ಕಲಿಯಲು ತಿಂಗಳುಗಳು ಬೇಕು. ಮಂಗಳೂರು, ಉಡುಪಿ, ಕಾರವಾರದ ಮಳೆಗಾಲದಲ್ಲಿ ಕಾರ್ಬನ್ ಉಕ್ಕಿನ ಕತ್ತಿಯನ್ನು ಎಣ್ಣೆ ಸವರದೆ ಇಟ್ಟರೆ ತುಕ್ಕು ಹಿಡಿಯಲು ಬಹಳ ದಿನ ಬೇಕಿಲ್ಲ.

ಆಸೆ ನಿಜವೋ ಎಂದು ತಿಳಿಯಲು ನಮ್ಮ ಕ್ಷೌರದಂಗಡಿಗಳ ದಾರಿಯೇ ಅಗ್ಗ. ಅಲ್ಲಿ ಗಮನಿಸಿ ನೋಡಿ: ಕ್ಷೌರಿಕ ಹೊಸ ಬ್ಲೇಡನ್ನು ಕಾಗದ ಬಿಚ್ಚದೆ ಎರಡು ಬೆರಳುಗಳ ನಡುವೆ ಉದ್ದಕ್ಕೆ ಬಾಗಿಸುತ್ತಾನೆ, ಟಕ್ಕೆಂದು ಎರಡು ಹೋಳಾಗುತ್ತದೆ, ಒಂದು ಹೋಳನ್ನು ಕತ್ತಿಯ ತೋಡಿಗೆ ಜಾರಿಸಿ ಇನ್ನೊಂದನ್ನು ಅದೇ ಕಾಗದದಲ್ಲಿ ಮುಂದಿನ ಗಿರಾಕಿಗೆ ಎತ್ತಿಡುತ್ತಾನೆ. ಆ ಬಗೆಯ ಕತ್ತಿ 100ರಿಂದ 300 ರೂಪಾಯಿ. ಅದು ತೀಡಿದ ಕತ್ತಿಗಿಂತಲೂ ಕಟು, ಕೈ ಅಲುಗಿದರೆ ಕ್ಷಮಿಸುವುದಿಲ್ಲ; ಹಾಗಾಗಿ ಕೆನ್ನೆಯಿಂದ ಶುರುಮಾಡಿ, ಗದ್ದ ಮತ್ತು ಗಂಟಲನ್ನು ಬಹಳ ದಿನ ಸೇಫ್ಟಿ ರೇಜರಿಗೇ ಬಿಡಿ. ಎರಡು ತಿಂಗಳಾದ ಮೇಲೂ ದಿನಾ ಅದನ್ನೇ ಕೈಗೆತ್ತಿಕೊಳ್ಳುತ್ತಿದ್ದರೆ ಆಮೇಲೆ ದೊಡ್ಡ ಕತ್ತಿಯ ಮಾತು.

ಬ್ಲೇಡ್: ಇಲ್ಲಿ ಮಾತ್ರ ಧಾರಾಳವಾಗಿರಿ

ಶೇವಿನಲ್ಲಿ ನಿಜವಾದ ವ್ಯತ್ಯಾಸ ತರುವ ವಸ್ತು ಎಲ್ಲಕ್ಕಿಂತ ಅಗ್ಗದ್ದು ಎಂಬುದು ನಮ್ಮ ಭಾಗ್ಯ. ಸುಮಾರು 0.1 ಮಿಲಿಮೀಟರ್ ದಪ್ಪದ ಉಕ್ಕಿನ ಹಾಳೆ, ಅಂಚಿಗೆ ತೆಳುವಾದ ಲೇಪನ. ಆ ಲೇಪನದಲ್ಲಿ, ಸಾಣೆ ಹಿಡಿದ ಬಗೆಯಲ್ಲಿ ಕಂಪನಿಯಿಂದ ಕಂಪನಿಗೆ ಇರುವ ಬದಲಾವಣೆ ಚರ್ಮಕ್ಕೆ ನೇರವಾಗಿ ಗೊತ್ತಾಗುತ್ತದೆ. 7 ಓ ಕ್ಲಾಕ್, ವಿಲ್ಕಿನ್ಸನ್ ಸ್ವೋರ್ಡ್, ಟೋಪಾಜ್, ಸೂಪರ್‌ಮ್ಯಾಕ್ಸ್, ಆಸ್ಟ್ರಾ, ಜಪಾನಿನ ಫೆದರ್ ಹೀಗೆ ಐದಾರು ಹೆಸರಿನವನ್ನು ಒಂದೊಂದು ಪೊಟ್ಟಣ ತನ್ನಿ. ಫೆದರ್ ಹರಿತಕ್ಕೆ ಹೆಸರಾದದ್ದು, ಕೈ ಪಳಗದವರಿಗೆ ಗಾಯ ಮಾಡುವುದಕ್ಕೂ. ದುಬಾರಿಯೂ ಹೌದು, ಅದೊಂದೇ ಎಲ್ಲರಿಗೂ ಒಳ್ಳೆಯದು ಎಂಬ ಮಾತನ್ನು ನಂಬಬೇಡಿ.

ಒಂದು ಬ್ಲೇಡನ್ನು ಒಂದೇ ಶೇವಿನಲ್ಲಿ ತೀರ್ಮಾನಿಸಬೇಡಿ. ಒಂದೇ ಹೆಸರಿನ ಎರಡು ಮೂರು ಬ್ಲೇಡ್ ಮುಗಿಸಿ ನೋಡಿ. ಆ ದಿನಗಳಲ್ಲಿ ರೇಜರ್, ಸೋಪು, ಬ್ರಷ್ ಯಾವುದನ್ನೂ ಬದಲಿಸಬೇಡಿ. ಎರಡನ್ನು ಒಟ್ಟಿಗೆ ಬದಲಿಸಿದರೆ ಯಾವುದರಿಂದ ಏನಾಯಿತು ಎಂದು ತಿಳಿಯುವುದಿಲ್ಲ, ತಿಳಿಯದಿದ್ದಾಗಲೇ ಮೂರನೆಯದನ್ನು ಕೊಳ್ಳುವ ಮನಸ್ಸಾಗುವುದು. ಶೇವ್ ಆದ ಮೇಲೆ ಅಲಗನ್ನು ಟವೆಲಿನಲ್ಲಿ ಒರೆಸದಿರಿ, ಲೇಪನ ಹೋಗುತ್ತದೆ. ನೀರಲ್ಲಿ ಅಲ್ಲಾಡಿಸಿ ಒಣಗಲು ಬಿಟ್ಟರೆ ಸಾಕು. ಒಪ್ಪುವ ಬ್ಲೇಡ್ ಸಿಕ್ಕಿದ ದಿನ ನೂರರ ಪೆಟ್ಟಿಗೆ ಕೊಳ್ಳಿ. ಐದೈದು ಶೇವಿನಂತೆ ಅದು 500 ಶೇವ್, ಒಂದು ವರ್ಷ ದಾಟಿ ಬರುತ್ತದೆ.

ಬ್ರಷ್

ಮೂರು ಬಗೆ: ಹಂದಿಯ ಕೂದಲು, ಬ್ಯಾಜರ್ ಎಂಬ ಪ್ರಾಣಿಯ ಕೂದಲು, ಕೃತಕ ಎಳೆ. ಹಂದಿಯದು ಅಗ್ಗ, ಗಟ್ಟಿ, ಬಳಸುವ ಮೊದಲು ನೆನೆಸಬೇಕು, ಪಳಗಲು ವಾರಗಳೇ ಬೇಕು. ಬ್ಯಾಜರ್ ಮೆತ್ತಗೆ, ನೀರು ಚೆನ್ನಾಗಿ ಹಿಡಿಯುತ್ತದೆ, ದರ್ಜೆ ಏರಿದಂತೆ ಬೆಲೆ ಹತ್ತು ಸಾವಿರದ ಆಚೆಗೂ ಹೋಗುತ್ತದೆ, ಒಣಗಲು ಹೊತ್ತು ತೆಗೆದುಕೊಳ್ಳುತ್ತದೆ. ಕೃತಕ ಎಳೆಯದು 400ರಿಂದ 900 ರೂಪಾಯಿಗೆ ಸಿಗುತ್ತದೆ, ನೆನೆಸಬೇಕಿಲ್ಲ, ಬೇಗ ಒಣಗುತ್ತದೆ, ಕಡಿಮೆ ಸೋಪಿನಲ್ಲಿ ನೊರೆ ಕೊಡುತ್ತದೆ. ಕರಾವಳಿ, ಮಲೆನಾಡಿನ ಮಳೆಗಾಲದಲ್ಲಿ ಪ್ರಾಣಿಕೂದಲಿನ ಬ್ರಷ್‌ಗೆ ಬೂಷ್ಟು ಹಿಡಿಯುವ ಭಯ ನಿಜವಾದದ್ದು. ಪ್ರಾಣಿಯ ಕೂದಲನ್ನು ಮುಖಕ್ಕೆ ತಾಗಿಸಲು ಮನಸ್ಸಿಲ್ಲದವರೂ ನಮ್ಮಲ್ಲಿ ಬಹಳ. ಇಲ್ಲಿ ಅಗ್ಗದ ಆಯ್ಕೆಯೇ ಉತ್ತಮ ಆಯ್ಕೆ, ಇನ್ನು ಚರ್ಚೆ ಬೇಕಿಲ್ಲ. ನೇತುಹಾಕುವ ಸ್ಟ್ಯಾಂಡ್ ಕೂಡ ಬೇಡ. ಕೊಡವಿ ನೆಟ್ಟಗೆ ನಿಲ್ಲಿಸಿದರೂ ಒಣಗುತ್ತದೆ.

ಸೋಪು, ಕ್ರೀಮು ಮತ್ತು ನಿಮ್ಮೂರ ನೀರು

ದುಡ್ಡು ಸದ್ದಿಲ್ಲದೆ ಸೋರುವ ಜಾಗ ಇದು. ರೇಜರ್ ಕೊಳ್ಳುವಾಗ ಮನುಷ್ಯ ನಾಲ್ಕು ಸಲ ಯೋಚಿಸುತ್ತಾನೆ. 600, 900, 1,400 ರೂಪಾಯಿಯ ಡಬ್ಬಿಗಳು ಒಂದೊಂದಾಗಿ ಯೋಚನೆಯಿಲ್ಲದೆ ಬಂದು ಸೇರುತ್ತವೆ. ಶೇವಿಗೆ ಒಂದು ಗ್ರಾಂ ಕ್ರೀಮು ಸಾಕೆಂದರೆ 70 ಗ್ರಾಂ ಟ್ಯೂಬು 70 ಶೇವಿಗೆ ಬರುತ್ತದೆ. ಗಟ್ಟಿ ಸೋಪು ಇನ್ನೂ ಕಡಿಮೆ ಸವೆಯುತ್ತದೆ. ನೂರು ಗ್ರಾಮಿನ ಹತ್ತು ಡಬ್ಬಿ ಇಟ್ಟುಕೊಂಡವರ ಬಳಿ ಕಡಿಮೆಯೆಂದರೂ 1,000 ಶೇವಿನ ದಾಸ್ತಾನು ಇದೆ, ಎರಡೂಮುಕ್ಕಾಲು ವರ್ಷದ್ದು. ಅಷ್ಟರಲ್ಲಿ ಪರಿಮಳ ಇಳಿದಿರುತ್ತದೆ.

ಲೇಬಲ್ ಓದುವುದನ್ನು ರೂಢಿಸಿಕೊಳ್ಳಿ. ಗೋದ್ರೆಜ್, ಪಾಮೋಲಿವ್‌ನಂಥ ಅಂಗಡಿ ಟ್ಯೂಬಾಗಲಿ, ಲಂಡನ್ನಿನ ಹಳೆಯ ಹೆಸರಿನ ಡಬ್ಬಿಯಾಗಲಿ, ಶೇವಿಂಗ್ ಕ್ರೀಮಿನ ಅಡಿಪಾಯ ಹೆಚ್ಚುಕಡಿಮೆ ಒಂದೇ: ನೀರು, ಸ್ಟಿಯರಿಕ್ ಆಮ್ಲ, ತೆಂಗಿನೆಣ್ಣೆಯ ಕೊಬ್ಬಿನಾಮ್ಲ, ಪೊಟ್ಯಾಸಿಯಂ ಹೈಡ್ರಾಕ್ಸೈಡ್, ಗ್ಲಿಸರಿನ್. ಸ್ಟಿಯರಿಕ್ ಆಮ್ಲ ನೊರೆಗೆ ನಿಲ್ಲುವ ಗುಣ ಕೊಡುತ್ತದೆ, ಪೊಟ್ಯಾಸಿಯಂ ಅದನ್ನು ಮೆದುವಾಗಿಡುತ್ತದೆ. ಒಳ್ಳೆಯ ಸೋಪಿನಲ್ಲಿ ಜಾರಿಕೆ ಹೆಚ್ಚು, ಶೇವಾದ ಮೇಲೆ ಚರ್ಮ ಬಿಗಿಯುವುದಿಲ್ಲ. ಆ ವ್ಯತ್ಯಾಸವನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಇಪ್ಪತ್ತು ಪಟ್ಟು ಬೆಲೆಯ ಬಹುಪಾಲು ಪರಿಮಳದ್ದು. ಸಸ್ಯಾಹಾರಿಗಳು ಇನ್ನೊಂದನ್ನು ನೋಡಬೇಕು: ವಿದೇಶದ ಎಷ್ಟೋ ಗಟ್ಟಿ ಸೋಪುಗಳು ದನ ಅಥವಾ ಕುರಿಯ ಕೊಬ್ಬಿನಿಂದ ಮಾಡಿದವು. ಲೇಬಲಿನಲ್ಲಿ ಟ್ಯಾಲೋ, ಸೋಡಿಯಂ ಟ್ಯಾಲೋವೇಟ್ ಎಂದಿದ್ದರೆ ಅದೇ.

ನೊರೆ ಬರುತ್ತಿಲ್ಲ ಎಂಬ ಒಂದೇ ಕಾರಣಕ್ಕೆ ಸೋಪಿನ ಮೇಲೆ ಸೋಪು ಬದಲಿಸುವವರಲ್ಲಿ ಅನೇಕರ ತೊಂದರೆ ನಲ್ಲಿಯಲ್ಲಿದೆ. ಬೆಂಗಳೂರಿನ ಹೊರವಲಯದ ಅಪಾರ್ಟ್‌ಮೆಂಟುಗಳಲ್ಲಿ, ಕೋಲಾರದ ಕಡೆ ಬೋರ್‌ವೆಲ್ ನೀರು ಗಡಸು. ಅದರ ಕ್ಯಾಲ್ಸಿಯಂ, ಮೆಗ್ನೀಸಿಯಂ ಸೋಪಿನೊಂದಿಗೆ ಸೇರಿ ಕರಗದ ಜಿಡ್ಡಾಗುತ್ತದೆ, ನೊರೆಯಾಗಬೇಕಾದ ಸೋಪು ಅಷ್ಟರ ಮಟ್ಟಿಗೆ ಕಡಿಮೆಯಾಗುತ್ತದೆ. ಬಕೆಟ್ಟಿನ ಅಂಚಿನಲ್ಲಿ ಬಿಳಿ ಕರೆ ಕಟ್ಟುವ ಮನೆಯಾದರೆ ಒಂದು ದಿನ ಕುಡಿಯುವ ಆರ್‌ಒ ಫಿಲ್ಟರಿನ ನೀರನ್ನು ಅರ್ಧ ಲೋಟ ಬಿಸಿಮಾಡಿ ಅದರಲ್ಲೇ ನೊರೆ ಮಾಡಿ. ಬ್ರಷ್ಷನ್ನು ಅದ್ದಿ, ಎರಡು ಸಲ ಕೊಡವಿ, ಬಟ್ಟಲಿನಲ್ಲಿ ಕಡಲೆಕಾಳಿನಷ್ಟು ಕ್ರೀಮಿನ ಮೇಲೆ ತಿರುಗಿಸಿ. ಮೊದಲು ದೊಡ್ಡ ದೊಡ್ಡ ಗುಳ್ಳೆಗಳ ಸಡಿಲ ನೊರೆ ಬರುತ್ತದೆ. ಅನೇಕರು ಅಲ್ಲೇ ನಿಲ್ಲಿಸಿ ಕ್ರೀಮು ಸರಿಯಿಲ್ಲ ಎನ್ನುತ್ತಾರೆ. ನಿಲ್ಲಿಸಬೇಡಿ. ನಾಲ್ಕೈದು ಹನಿ ನೀರು ಸೇರಿಸಿ, ಮತ್ತೆ ತಿರುಗಿಸಿ, ಮತ್ತೆ ಹನಿ. ಒಂದು ನಿಮಿಷ ಕಳೆಯುವಾಗ ಗುಳ್ಳೆಗಳು ಕಣ್ಣಿಗೆ ಕಾಣದಷ್ಟು ಸಣ್ಣವಾಗಿ ಗಟ್ಟಿ ಮೊಸರಿನಂಥ ಹೊಳಪು ಬರುತ್ತದೆ, ಬಟ್ಟಲು ವಾಲಿಸಿದರೂ ಜಾರುವುದಿಲ್ಲ. 80 ರೂಪಾಯಿಯ ಟ್ಯೂಬಿನಿಂದ ಇದು ಬಂದರೆ ಹೊಸ ಸೋಪಿಗೆ ಕಾರಣವೇ ಉಳಿಯುವುದಿಲ್ಲ.

ಶೇವ್ ಆದ ಮೇಲಿನದು

ಪಟಿಕ ಒಂದು ತುಂಡು, ತಣ್ಣೀರು. ಚಂದದ ಪೆಟ್ಟಿಗೆಯಲ್ಲಿ ಬರುವ ಆಮದು ಕಲ್ಲೂ ಗಂಧಿಗೆ ಅಂಗಡಿಯ ಪಟಿಕವೂ ರಾಸಾಯನಿಕವಾಗಿ ಒಂದೇ, ಪೊಟ್ಯಾಸಿಯಂ ಅಲ್ಯುಮಿನಿಯಂ ಸಲ್ಫೇಟ್. ಬೆಲೆ ಮಾತ್ರ ಹತ್ತಾರು ಪಟ್ಟು. ಚರ್ಮ ಒಣಗುವವರು ಮನೆಯಲ್ಲಿರುವ ಮಾಮೂಲಿ ಲೋಷನ್ ಹಚ್ಚಿಕೊಳ್ಳಲಿ.

ಕೊಳ್ಳಬೇಕೆನಿಸಿದಾಗ

ಬಹಳಷ್ಟು ಖರೀದಿಯ ಹಿಂದೆ ಒಂದು ಉರಿ ಇರುತ್ತದೆ, ಅಕ್ಷರಶಃ ಕುತ್ತಿಗೆಯ ಉರಿ. ಹೊಸ ರೇಜರ್ ಅದನ್ನು ನಿಲ್ಲಿಸುತ್ತದೆ ಎಂಬ ಆಸೆ. ಮೊದಲು ಪುಕ್ಕಟೆಯ ಪರಿಹಾರಗಳನ್ನು ಮುಗಿಸಿ. ಸ್ನಾನವಾದ ಮೇಲೆ ಶೇವ್ ಮಾಡಿ; ಎರಡು ಮೂರು ನಿಮಿಷ ಬೆಚ್ಚನೆ ನೀರು ಕುಡಿದ ಕೂದಲನ್ನು ಕತ್ತರಿಸಲು ಬಹಳ ಕಡಿಮೆ ಬಲ ಸಾಕು. ಒಣಗಿದ ಕೆನ್ನೆಯ ಮೇಲೆ ಬೆರಳಾಡಿಸಿ ಕೂದಲು ಯಾವ ದಿಕ್ಕಿಗೆ ಮಲಗಿದೆ ಎಂದು ಗುರುತಿಸಿ. ಕುತ್ತಿಗೆಯಲ್ಲಿ ಅದು ಅಡ್ಡಕ್ಕೋ ಮೇಲಕ್ಕೋ ಇರುವುದುಂಟು, ಅಲ್ಲಿ ಮೇಲಿಂದ ಕೆಳಗೆ ಎಳೆದರೆ ಉರಿಯದೆ ಇನ್ನೇನು? ಮೊದಲ ಸುತ್ತು ಆ ದಿಕ್ಕಿನಲ್ಲೇ ಎಳೆಯಿರಿ. ಹಿಡಿಯನ್ನು ಬುಡದಲ್ಲಿ, ಬೆರಳ ತುದಿಯಲ್ಲಿ ಹಿಡಿಯಿರಿ, ಆಗ ಒತ್ತಲು ಆಗುವುದೇ ಇಲ್ಲ. ಎದುರು ದಿಕ್ಕಿನ ಸುತ್ತನ್ನು ಒಂದು ತಿಂಗಳು ಬಿಟ್ಟುಬಿಡಿ. ಇಷ್ಟಾದ ಮೇಲೂ ಉರಿ ಉಳಿದರೆ ಬ್ಲೇಡ್ ಬದಲಿಸಿ. ಅದರಿಂದಲೂ ಆಗದಿದ್ದರೆ ರೇಜರಿಗಿಂತ ಮೊದಲು ಚರ್ಮದ ವೈದ್ಯರು.

ಇನ್ನು ಮಾರುವವರ ಬಲೆಗಳು. 999ರ ಮೇಲೆ ಕೊರಿಯರ್ ಉಚಿತ ಎಂದಾಗ 60 ರೂಪಾಯಿ ಉಳಿಸಲು 400ರ ಸೋಪು ಸೇರಿಸುತ್ತೇವೆ. ಇದೊಂದೇ ಬಾರಿ ತಯಾರಿಸಿದ್ದು, ಮುಗಿದರೆ ಸಿಗುವುದಿಲ್ಲ ಎನ್ನುವ ಡಬ್ಬಿಗೆ ಮುಂದಿನ ತಿಂಗಳು ಅಂಥದ್ದೇ ತಮ್ಮ ಹುಟ್ಟುತ್ತಾನೆ. ಹೊರದೇಶದಿಂದ ತರಿಸುವಾಗ ಪರದೆಯ ಮೇಲಿನ ಬೆಲೆಯ ಮೇಲೆ ಆಮದು ಸುಂಕ, ತೆರಿಗೆ, ಕೊರಿಯರ್ ಕೂಡಿಸಿಯೇ ಹೋಲಿಸಿ. ದುಬೈಯಿಂದಲೋ ಅಮೆರಿಕದಿಂದಲೋ ಬರುವ ನೆಂಟರ ಬಳಿ ಹೇಳಿ ತರಿಸುವುದಾದರೆ ಬ್ಲೇಡನ್ನು ಕೈಚೀಲದಲ್ಲಿ ಇಡಬಾರದೆಂದು ತಿಳಿಸಿ, ವಿಮಾನ ನಿಲ್ದಾಣದಲ್ಲಿ ತೆಗೆಸುತ್ತಾರೆ. ಕೊಳ್ಳುವ ಚಟಕ್ಕೆ ನನಗೆ ಗೊತ್ತಿರುವ ಗಟ್ಟಿ ಕಟ್ಟಳೆ ಒಂದೇ: ಸೋಪು ತಳ ಕಾಣುವವರೆಗೆ ಇನ್ನೊಂದಿಲ್ಲ, ರೇಜರ್ ಕೊಂಡರೆ ಇರುವುದರಲ್ಲಿ ಒಂದು ಹೊರಗೆ. ಅಣ್ಣತಮ್ಮಂದಿರಿಗೋ ಶುರುಮಾಡುವ ಗೆಳೆಯನಿಗೋ ಕೊಟ್ಟುಬಿಡಿ, ಬ್ರಷ್ ಹೊರತು.

ಸಂಗ್ರಹಿಸುವುದೇ ಸಂತೋಷವೆನ್ನುವವರೂ ಇದ್ದಾರೆ. ಅದರಲ್ಲಿ ತಪ್ಪೇನಿಲ್ಲ, ಅಂಚೆಚೀಟಿ, ನಾಣ್ಯ ಕೂಡಿಡುವವರ ಹಾಗೆ ಅದೂ ಒಂದು ಹವ್ಯಾಸ. ಅದಕ್ಕೆ ವರ್ಷಕ್ಕಿಷ್ಟು ಎಂದು ಬೇರೆ ದುಡ್ಡು ಎತ್ತಿಡಲಿ, ಮನೆಯವರಿಗೆ ಅದೇ ಹೆಸರಿನಲ್ಲಿ ಹೇಳಲಿ. ಉಳಿತಾಯದ ಖಾತೆಗೆ ಬರೆಯುವುದು ಬೇಡ.

ಕೊಳ್ಳಬೇಕಿಲ್ಲದ ಸಾಮಾನಿನಲ್ಲಿ ಕೊನೆಯದು ಬಳಸಿದ ಬ್ಲೇಡ್ ಹಾಕುವ ಡಬ್ಬಿ. ಅದನ್ನೂ 300, 500ಕ್ಕೆ ಮಾರುತ್ತಾರೆ. ಮುಚ್ಚಳವಿರುವ ಯಾವುದೇ ತಗಡಿನ ಡಬ್ಬಿಗೆ ಬ್ಲೇಡ್ ತೂರುವಷ್ಟು ಸೀಳು ಮಾಡಿ, ಮುಚ್ಚಳವನ್ನು ಟೇಪಿನಿಂದ ಬಿಗಿದರೆ ಅದೇ ಕೆಲಸವಾಗುತ್ತದೆ, ತುಂಬಲು ವರ್ಷಗಳೇ ಬೇಕು. ಬಿಡಿ ಬ್ಲೇಡನ್ನು ಕಾಗದದಲ್ಲಿ ಸುತ್ತಿ ಕಸದ ಬುಟ್ಟಿಗೆ ಎಸೆಯಬೇಡಿ. ಕಸ ವಿಂಗಡಿಸುವ ಪೌರಕಾರ್ಮಿಕರ ಕೈ ಕುಯ್ಯುತ್ತದೆ. ಡಬ್ಬಿ ತುಂಬಿದಾಗ ಸೀಳಿಗೂ ಟೇಪು ಸುತ್ತಿ, ಮೇಲೆ ‘ಬ್ಲೇಡ್’ ಎಂದು ದೊಡ್ಡದಾಗಿ ಬರೆದು, ಒಳಗೇನಿದೆ ಎಂದು ಬಾಯಲ್ಲೂ ಹೇಳಿ ಅವರ ಕೈಗೆ ಬೇರೆಯಾಗಿ ಕೊಡಿ.